ಯುಗಾದಿಗೆ ಸಸಿ, ರೋಹಿಣಿಗೆ ನಾಟಿ: ಚಳಿನಾಡಿನ ಹಿತ್ತಲಿನಲ್ಲಿ ಬದನೆ, ಅವರೆ ಉಳಿಸಿಕೊಳ್ಳುವುದು ಹೇಗೆ?

ಹಿತ್ತಲಬಾಗಿಲು (ನೇಪರ್‌ವಿಲ್, ಇಲಿನಾಯ್)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಮೂರನೆಯ ವಾರ ನಡೆಯುತ್ತಿದೆ. ಕಿಟಕಿಯ ಬಳಿಯ ಟ್ರೇಗಳಲ್ಲಿ ಬದನೆ, ಮೆಣಸಿನಕಾಯಿ, ಟೊಮೆಟೊ ಸಸಿಗಳು ಬೆಳಕಿನ ಕಡೆಗೆ ಕತ್ತು ಚಾಚಿಕೊಂಡು ನಿಂತಿವೆ. ಹೊರಗೆ ಈ ವಾರವಿಡೀ ಹಗಲು 70 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿದೆ. ಇಲ್ಲಿನ ಅಂಗಡಿಗಳ ಮುಂದೆ ಆಗಲೇ ಟೊಮೆಟೊ ಗಿಡಗಳು ಮಾರಾಟಕ್ಕೆ ಬಂದಿವೆ. ನಾನೂ ಈ ಶನಿವಾರ ಎಲ್ಲವನ್ನೂ ನೆಲಕ್ಕಿಳಿಸಿ, ರಾತ್ರಿ ಹಳೆಯ ಪಂಚೆ ಹೊದಿಸಿದರೆ ಸಾಲದೇ?

ಇನ್ನೆರಡು ಪ್ರಶ್ನೆಗಳಿವೆ. ಕಳೆದ ವರ್ಷ ಬದನೆ ಎಲೆಗಳು ಒಂದೇ ವಾರದಲ್ಲಿ ಜರಡಿಯಾದವು. ಹುಳು ಕಣ್ಣಿಗೆ ಬೀಳಲಿಲ್ಲ, ಹತ್ತಿರ ಹೋದರೆ ಏನೋ ಕಪ್ಪು ಚುಕ್ಕೆಗಳು ಚಂಗನೆ ಹಾರುತ್ತಿದ್ದವು. ಅವರೆಯದು ಬೇರೆಯೇ ಕಥೆ: ಬಳ್ಳಿ ಬೇಲಿ ತುಂಬಾ ಹಬ್ಬಿತು, ಸೆಪ್ಟೆಂಬರ್ ಕಳೆಯುವವರೆಗೆ ಒಂದು ಹೂವೂ ಇಲ್ಲ, ಹೂ ಬಿಟ್ಟ ಮೇಲೆ ಫ್ರಾಸ್ಟ್ (ಎಲೆಯ ಮೇಲೆ ಹೆಪ್ಪುಗಟ್ಟುವ ಇಬ್ಬನಿ) ಬಂದು ಎಲ್ಲ ಕರಿದಂತಾಯಿತು. ಈ ಸಲ ಬೇಗ ಬಿತ್ತಿದರೆ ಕಾಯಿ ಸಿಗಬಹುದೇ?

ಬದನೆಬುಟ್ಟಿ (ಎಡಿಸನ್, ನ್ಯೂಜೆರ್ಸಿ)

ಬೇಡ. ಶನಿವಾರವೂ ಬೇಡ, ಅದರ ಮುಂದಿನ ಶನಿವಾರವೂ ಬೇಡ.

ಅಂಗಡಿಯವರು ಗಿಡ ಇಟ್ಟಿದ್ದಾರೆಂದರೆ ಅದು ಮಾರುವ ಕಾಲ, ನೆಡುವ ಕಾಲವಲ್ಲ. ಸತ್ತರೆ ಇನ್ನೊಮ್ಮೆ ಕೊಳ್ಳಲು ಬರುತ್ತೀರಿ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಇನ್ನು ಹಲವರು ಅಮೆರಿಕದ ಕೃಷಿ ಇಲಾಖೆಯ ವಲಯ ನಕ್ಷೆ ನೋಡಿ ಮೋಸ ಹೋಗುತ್ತಾರೆ. 2023ರಲ್ಲಿ ಹೊಸ ನಕ್ಷೆ ಬಂದಾಗ ಅನೇಕ ಊರುಗಳು ಅರ್ಧ ವಲಯದಷ್ಟು ಬೆಚ್ಚಗಿನ ಕಡೆಗೆ ಸರಿದವು. ಕೂಡಲೇ 'ಇನ್ನು ನಾವು ಬೇಗ ನೆಡಬಹುದು' ಎಂಬ ಮಾತು ಹಬ್ಬಿತು. ಆ ನಕ್ಷೆ ಹೇಳುವುದು 1991ರಿಂದ 2020ರವರೆಗಿನ ಚಳಿಗಾಲಗಳ ಅತಿ ಕನಿಷ್ಠ ತಾಪಮಾನದ ಸರಾಸರಿಯನ್ನು ಮಾತ್ರ. ಗುಲಾಬಿ, ಸೇಬು, ಅಂಜೂರ ಚಳಿಗಾಲ ದಾಟುತ್ತವೆಯೇ ಎಂದು ತಿಳಿಯಲು ಅದು ಬೇಕು. ಬದನೆ ಸಸಿ ಹೊರಗೆ ಹೋಗುವ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ.

ನೋಡಬೇಕಾದದ್ದು ಕೊನೆಯ ಫ್ರಾಸ್ಟಿನ ದಿನಾಂಕ. ಅಲ್ಲಿಯೂ ಒಂದು ತೊಡಕಿದೆ. ಹೆಚ್ಚಿನ ಪಟ್ಟಿಗಳಲ್ಲಿ ಕೊಡುವುದು ಶೇಕಡಾ 50ರ ದಿನಾಂಕ, ಅಂದರೆ ಆ ದಿನದ ನಂತರವೂ ಫ್ರಾಸ್ಟ್ ಬೀಳುವ ಸಾಧ್ಯತೆ ನಾಣ್ಯ ಚಿಮ್ಮಿದಷ್ಟೇ. ಶೇಕಡಾ 10ರ ದಿನಾಂಕವನ್ನು ಹುಡುಕಿ. ಅದು ಸಾಮಾನ್ಯವಾಗಿ ಎರಡು ವಾರದಷ್ಟು ಮುಂದಿರುತ್ತದೆ. ನಿಮ್ಮ ಕಡೆಯವರು ಮೇ ತಿಂಗಳ ಎರಡನೆಯ ಭಾನುವಾರದ ತಾಯಂದಿರ ದಿನದವರೆಗೆ ಕಾಯಿರಿ ಎನ್ನುವುದು ಸುಮ್ಮನೆ ಅಲ್ಲ.

ಸರೋವರದಂಚು (ಮಿಲ್ವಾಕಿ, ವಿಸ್ಕಾನ್ಸಿನ್)

ಇಷ್ಟು ಹೆದರಿಸಬೇಕಿಲ್ಲ. ನಾನು ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿಯೇ ಟೊಮೆಟೊ ನೆಡುತ್ತೇನೆ. ಸುತ್ತಲೂ ನೀರು ತುಂಬುವ ಪ್ಲಾಸ್ಟಿಕ್ ಗೋಡೆ ನಿಲ್ಲಿಸುತ್ತೇನೆ. ಹಗಲು ನೀರು ಕಾಯುತ್ತದೆ, ರಾತ್ರಿ ಆ ಬಿಸಿಯನ್ನು ಬಿಡುತ್ತದೆ. ಗಿಡಗಳು ಚೆನ್ನಾಗಿಯೇ ಇರುತ್ತವೆ, ಜುಲೈ ಮೊದಲಲ್ಲೇ ಹಣ್ಣು.

ಬದನೆಬುಟ್ಟಿ

ಟೊಮೆಟೊಗೆ ಒಪ್ಪುತ್ತೇನೆ. ಬದನೆಗೆ ಒಪ್ಪುವುದಿಲ್ಲ.

ಮಣ್ಣುಮಾತು (ಮ್ಯಾಡಿಸನ್, ವಿಸ್ಕಾನ್ಸಿನ್)

ಬೆಂಗಳೂರಿನ ಜಿಕೆವಿಕೆಯಲ್ಲಿ ಕೃಷಿ ಓದಿದವನು, ಈಗ ಇಲ್ಲಿದ್ದೇನೆ. ಇಬ್ಬರೂ ಫ್ರಾಸ್ಟಿನ ಸುತ್ತಲೇ ಸುತ್ತುತ್ತಿದ್ದೀರಿ. ನಮ್ಮ ತರಕಾರಿಗಳ ವಿಷಯದಲ್ಲಿ ಫ್ರಾಸ್ಟ್ ಎರಡನೆಯ ಶತ್ರು. ಮೊದಲನೆಯದು ತಣ್ಣಗಿನ ಮಣ್ಣು.

ಬದನೆ, ಬೆಂಡೆ, ಅವರೆ, ಹೀರೆ, ಸೋರೆ ಎಲ್ಲವೂ ಬಿಸಿನೆಲದ ಗಿಡಗಳು. ನೀರು ಹೆಪ್ಪುಗಟ್ಟುವ 32 ಡಿಗ್ರಿಗೆ ಇಳಿಯಬೇಕೆಂದಿಲ್ಲ. 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ರಾತ್ರಿಗಳು ಹೋಗುತ್ತಿದ್ದರೆ ಸಾಕು, ಬೇರು ಕೆಲಸ ನಿಲ್ಲಿಸುತ್ತದೆ. ಮಣ್ಣಿನಲ್ಲಿ ರಂಜಕವಿದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ, ಎಲೆಯ ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆಗ ಗೊಬ್ಬರ ಸುರಿಯುವವರಿದ್ದಾರೆ, ಅದರಿಂದ ಏನೂ ಆಗದು. ಗಿಡ ಸಾಯುವುದಿಲ್ಲ, ಆದರೆ ಮುನಿಸಿಕೊಂಡು ಕುಳಿತುಬಿಡುತ್ತದೆ. ಮೂರು ವಾರ ತಡವಾಗಿ ನೆಟ್ಟ ಸಸಿ ಅದನ್ನು ಜೂನ್‌ನಲ್ಲಿ ಹಿಂದೆ ಹಾಕುತ್ತದೆ.

ಅಡುಗೆಮನೆಯ ಕಡ್ಡಿ ಥರ್ಮಾಮೀಟರ್ ಒಂದನ್ನು ತೋಟಕ್ಕೆಂದೇ ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟರ ಹೊತ್ತಿಗೆ ನಾಲ್ಕು ಅಂಗುಲ ಆಳಕ್ಕೆ ಚುಚ್ಚಿ ನೋಡಿ, ಮಧ್ಯಾಹ್ನ ನೋಡಬೇಡಿ, ಅದು ಸುಳ್ಳು ಹೇಳುತ್ತದೆ. ಬಟಾಣಿಗೆ 45 ಇದ್ದರೂ ನಡೆಯುತ್ತದೆ. ಹುರುಳಿಕಾಯಿಗೆ 60. ಬೆಂಡೆಗೆ 65 ಆದರೂ ಬೇಕು. ಬದನೆಗೂ 60ರ ಮೇಲೆ ಸ್ಥಿರವಾಗಿ ನಿಂತ ಮೇಲೆ ಕೈ ಹಾಕಿ.

ಊರಿನಲ್ಲಿ ಮಳೆ ನಕ್ಷತ್ರ ನೋಡಿ ಬಿತ್ತುವುದು ನಿಮಗೆ ನೆನಪಿರಬಹುದು. ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬರುವುದು ಮೇ 25ರ ಆಸುಪಾಸು. ಇಲಿನಾಯ್, ವಿಸ್ಕಾನ್ಸಿನ್ ಕಡೆ ಬೆಂಡೆ ಬೀಜಕ್ಕೆ ಮಣ್ಣು ಬೆಚ್ಚಗಾಗುವುದೂ ಹೆಚ್ಚು ಕಡಿಮೆ ಆಗಲೇ. ಇದು ಕಾಕತಾಳೀಯ, ಆದರೆ ನಮಗೆ ಮರೆಯದಂತಹ ಕಾಕತಾಳೀಯ. ಯುಗಾದಿಯ ಆಸುಪಾಸಿನಲ್ಲಿ ಮನೆಯೊಳಗೆ ಟ್ರೇಗೆ ಬೀಜ, ರೋಹಿಣಿಗೆ ನೆಲಕ್ಕೆ ಎಂದು ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೇವೆ.

ಟೊರೊಂಟೊ ತೊಂಡೆ (ಬ್ರಾಂಪ್ಟನ್, ಕೆನಡಾ)

ಇಲ್ಲಿಯೂ ಅದೇ ಲೆಕ್ಕ. ಮೇ 25ಕ್ಕೆ ಮುಂಚಿನ ಸೋಮವಾರ ವಿಕ್ಟೋರಿಯಾ ದಿನ, ಆ ರಜೆಯ ವಾರಾಂತ್ಯದಲ್ಲಿ ಇಡೀ ಬೀದಿ ಮಣ್ಣಿನಲ್ಲಿರುತ್ತದೆ. ಅದಕ್ಕೆ ಮೊದಲು ನೆಟ್ಟವರನ್ನು ನಮ್ಮ ಪಕ್ಕದ ಮನೆಯ ಇಟಾಲಿಯನ್ ಅಜ್ಜ ಅನುಕಂಪದಿಂದ ನೋಡುತ್ತಾರೆ.

ಮೆಂತ್ಯಪ್ರಿಯೆ (ಮಿನಿಯಾಪೊಲಿಸ್)

ಎಲ್ಲರೂ 'ಬೇಡ, ಬೇಡ' ಎಂದರೆ ಪಾಪ ಅವರು ಏಪ್ರಿಲ್‌ನಲ್ಲಿ ಏನು ಮಾಡಬೇಕು? ಈಗ ಬಿತ್ತಬಹುದಾದದ್ದು ಬೇಕಾದಷ್ಟಿದೆ: ಮೆಂತ್ಯ, ಪಾಲಕ್, ಸಬ್ಬಸಿಗೆ, ಮೂಲಂಗಿ, ನವಿಲುಕೋಸು, ಬಟಾಣಿ. ಕೊತ್ತಂಬರಿಯನ್ನಂತೂ ಈಗಲೇ ಬಿತ್ತಬೇಕು, ಜೂನ್ ಬಿಸಿಲಿಗೆ ಅದು ಎಲೆ ಬಿಡುವ ಬದಲು ಹೂವಿಗೆ ಹೋಗುತ್ತದೆ. ಇವು ಹಗುರವಾದ ಫ್ರಾಸ್ಟಿಗೆ ಜಗ್ಗುವುದಿಲ್ಲ. ದಂಟು, ಹರಿವೆ, ಬಸಳೆ ಮಾತ್ರ ಈ ಗುಂಪಿಗೆ ಸೇರಿದವಲ್ಲ, ಸೊಪ್ಪು ಎಂಬ ಕಾರಣಕ್ಕೆ ಒಟ್ಟಿಗೆ ಬಿತ್ತಬೇಡಿ.

ಹಿತ್ತಲಬಾಗಿಲು

ಸರಿ, ಬದನೆ ಒಳಗೇ ಇರಲಿ, ಮೆಂತ್ಯ ಈ ವಾರವೇ. ಆದರೂ ಮೇ ಮಧ್ಯದಲ್ಲಿ ನೆಟ್ಟ ಮೇಲೆ ಒಂದು ರಾತ್ರಿ ಚಳಿ ಬಂದರೆ? ಹೊದಿಕೆಯ ಬಗ್ಗೆ ಯಾರೂ ಹೇಳಲಿಲ್ಲ. ಪಂಚೆ ನಡೆಯುತ್ತದೆಯೇ, ಪ್ಲಾಸ್ಟಿಕ್ ಹಾಳೆ ಉತ್ತಮವೇ? ಮೊಬೈಲಿನಲ್ಲಿ 36 ಡಿಗ್ರಿ ಎಂದು ತೋರಿಸಿದರೆ ನಿಶ್ಚಿಂತೆಯಾಗಿ ಮಲಗಬಹುದಲ್ಲವೇ?

ಮಣ್ಣುಮಾತು

ಮಲಗುವಂತಿಲ್ಲ. ಹವಾಮಾನ ಕೇಂದ್ರದ ತಾಪಮಾಪಕ ಇರುವುದು ನೆಲದಿಂದ ಐದಾರು ಅಡಿ ಎತ್ತರದಲ್ಲಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಆಗ ಅಲ್ಲಿ 36 ಇದ್ದರೂ ಹುಲ್ಲಿನ ಮಟ್ಟದಲ್ಲಿ 32ಕ್ಕೆ ಇಳಿದು ಎಲೆಯ ಮೇಲೆ ಬಿಳಿಪುಡಿ ಕೂರಬಹುದು. ನಕ್ಷತ್ರಗಳು ಸ್ಪಷ್ಟವಾಗಿ ಕಾಣುವ, ಎಲೆ ಅಲುಗದ ಸಂಜೆಯೇ ಅಪಾಯದ ಸಂಜೆ.

ಇದು ಒಂದು ಬಗೆ. ಇನ್ನೊಂದು, ಉತ್ತರದಿಂದ ಗಾಳಿಯೊಂದಿಗೆ ನುಗ್ಗುವ ಚಳಿ. ಅದಕ್ಕೆ ಬಟ್ಟೆ ಹೊದಿಸಿ ಪ್ರಯೋಜನ ಕಡಿಮೆ, ಗಾಳಿ ಅಡಿಯಿಂದ ನುಗ್ಗಿ ಎಲ್ಲ ಶಾಖವನ್ನೂ ಒಯ್ಯುತ್ತದೆ. ಕುಂಡಗಳಿದ್ದರೆ ಒಳಗೆ ತನ್ನಿ, ಉಳಿದವಕ್ಕೆ ಬಕೆಟ್ ಕವುಚಿ ಮೇಲೆ ಕಲ್ಲಿಡಿ.

ಮೊದಲ ಬಗೆಯ ರಾತ್ರಿಗೆ ಹೊದಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಹೊದಿಸುವ ಕ್ರಮ ಗೊತ್ತಿದ್ದರೆ. ಶಾಖ ಬರುವುದು ಗಿಡದಿಂದಲ್ಲ, ನೆಲದಿಂದ. ಜನ ಗಿಡದ ತಲೆಗೆ ಬಟ್ಟೆ ಹಾಕಿ ಕಾಂಡದ ಬುಡಕ್ಕೆ ದಾರದಿಂದ ಕಟ್ಟುತ್ತಾರೆ, ಅದರಿಂದ ನೆಲದ ಬಿಸಿ ಹೊರಗೇ ಉಳಿಯುತ್ತದೆ. ಬಟ್ಟೆ ಡೇರೆಯಂತೆ ಅಗಲವಾಗಿ ಬಿದ್ದು ನೆಲವನ್ನು ಮುಟ್ಟಬೇಕು, ಅಂಚುಗಳ ಮೇಲೆ ಇಟ್ಟಿಗೆ ಅಥವಾ ಮಣ್ಣು ಇರಬೇಕು. ಅಂದು ಮಧ್ಯಾಹ್ನವೇ ಮಣ್ಣಿಗೆ ನೀರು ಹಾಯಿಸಿ, ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖ ಹಿಡಿದಿಡುತ್ತದೆ. ಸೂರ್ಯ ಇಳಿಯುವ ಮೊದಲೇ ಹೊದಿಸಿ, ಕತ್ತಲಾದ ಮೇಲೆ ಹೊದಿಸಿದರೆ ಕೂಡಿಟ್ಟದ್ದರಲ್ಲಿ ಅರ್ಧ ಹೋಗಿರುತ್ತದೆ. ಬೆಳಿಗ್ಗೆ ಫ್ರಾಸ್ಟ್ ಕರಗಿದ ಮೇಲೆ ತೆಗೆಯಿರಿ.

ಪಂಚೆ ನಡೆಯುತ್ತದೆ. ಹತ್ತಿಯ ಹಳೆಯ ಹಾಸಿಗೆ ಬಟ್ಟೆಯೂ ನಡೆಯುತ್ತದೆ. ಒಂದೇ ಷರತ್ತು, ಒಣಗಿರಬೇಕು. ನೆನೆದ ಹತ್ತಿ ಭಾರಕ್ಕೆ ಸಸಿಯನ್ನು ಮುರಿಯುತ್ತದೆ. ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆಯೆಲ್ಲ ಎಲೆ ಸುಡುತ್ತದೆ, ಹಾಗಾಗಿ ಕಮಾನಿನ ಮೇಲಷ್ಟೇ. ಬೆಳಿಗ್ಗೆ ತೆಗೆಯಲು ಮರೆತರೆ ಒಳಗೆ ಬೆಂದೇ ಹೋಗುತ್ತದೆ. ತೋಟಗಾರಿಕೆಗೆಂದೇ ಬರುವ ನೇಯದ ಬಿಳಿ ಬಟ್ಟೆಯಲ್ಲಿ ತೆಳುವಾದದ್ದು ಎರಡು ಡಿಗ್ರಿ ಫ್ಯಾರನ್‌ಹೀಟಿನಷ್ಟು, ದಪ್ಪನೆಯದು ನಾಲ್ಕರಿಂದ ಎಂಟರಷ್ಟು ರಕ್ಷಣೆ ಕೊಡುತ್ತದೆ.

ಸರೋವರದಂಚು

ರಾತ್ರಿಯಿಡೀ ಗಿಡಕ್ಕೆ ನೀರು ಸಿಂಪಡಿಸಿದರೆ ಫ್ರಾಸ್ಟ್ ತಡೆಯಬಹುದು ಎಂದು ಓದಿದ್ದೆ. ಫ್ಲಾರಿಡಾದ ಸ್ಟ್ರಾಬೆರಿ ಬೆಳೆಗಾರರು ಹಾಗೆಯೇ ಮಾಡುತ್ತಾರಂತೆ.

ಮಣ್ಣುಮಾತು

ಅವರು ಮಾಡುತ್ತಾರೆ, ನೀವು ಮಾಡಬೇಡಿ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 80 ಕ್ಯಾಲೊರಿ ಶಾಖ ಹೊರಬರುತ್ತದೆ, ಅದೇ ಗಿಡವನ್ನು ಉಳಿಸುತ್ತದೆ. ಆದರೆ ನೀರು ಎಡೆಬಿಡದೆ ಬೀಳುತ್ತಿರಬೇಕು, ಮಂಜುಗಡ್ಡೆ ಬೆಳಿಗ್ಗೆ ಕರಗುವವರೆಗೂ ನಿಲ್ಲಬಾರದು. ನಡುರಾತ್ರಿ ಪಂಪ್ ನಿಂತರೆ ಆವಿಯಾಗುವ ನೀರು ಇದ್ದ ಶಾಖವನ್ನೂ ಹೀರಿಕೊಂಡು, ಸಿಂಪಡಿಸದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ನೀಲಗಿರಿಯ ನೆಂಟ (ಉದಕಮಂಡಲ)

ನಮ್ಮ ಕಡೆ ಫ್ರಾಸ್ಟ್ ವಸಂತದ ಮಾತಲ್ಲ, ಡಿಸೆಂಬರಿನಿಂದ ಫೆಬ್ರವರಿಯವರೆಗಿನದು. ಆದರೂ ಒಂದು ವಿಷಯ ನಿಮಗೆ ಉಪಯೋಗವಾಗಬಹುದು. ಇಲ್ಲಿ ಚಹಾ ತೋಟದ ತಗ್ಗಿನ ಸಾಲುಗಳು ಕರಕಲಾಗಿದ್ದರೆ, ಅದೇ ಬೆಟ್ಟದ ಇಳಿಜಾರಿನ ಸಾಲುಗಳು ಹಸಿರಾಗಿಯೇ ಇರುತ್ತವೆ. ತಣ್ಣನೆಯ ಗಾಳಿ ಭಾರ, ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ನಿಮ್ಮ ಹಿತ್ತಲಿನ ತಗ್ಗಿನ ತುದಿಯಲ್ಲಿ ಮರದ ಹಲಗೆಯ ಬೇಲಿ ಇದ್ದರೆ ಅದರ ಒಳಬದಿಯಲ್ಲಿ ಬದನೆ ನೆಡಬೇಡಿ. ಮನೆಯ ದಕ್ಷಿಣದ ಗೋಡೆಯ ಬಳಿ ನೆಡಿ.

ಹಿತ್ತಲಬಾಗಿಲು

ಇದು ಹೊಳೆದೇ ಇರಲಿಲ್ಲ. ಬೇಲಿಯ ಬದಿಯೇ ತಗ್ಗು. ಇನ್ನು ಆ ಹಾರುವ ಕಪ್ಪು ಚುಕ್ಕೆಗಳು?

ಬದನೆಬುಟ್ಟಿ

ಚಿಗಟ ಜೀರುಂಡೆ. ಸಾಸಿವೆ ಕಾಳಿನಷ್ಟು ಚಿಕ್ಕದು, ಮುಟ್ಟಲು ಹೋದರೆ ಚಿಗಟದಂತೆ ಜಿಗಿಯುತ್ತದೆ. ಮೇ ತಿಂಗಳ ಎಳೆ ಬದನೆ ಕಂಡರೆ ಇವಕ್ಕೆ ಹಬ್ಬ. ಮಣ್ಣುಮಾತು ಅವರು ಹೇಳಿದ ತಣ್ಣಗಿನ ಮಣ್ಣಿಗೂ ಇದಕ್ಕೂ ನೇರ ನಂಟಿದೆ. ಬೆಚ್ಚಗಿನ ನೆಲದಲ್ಲಿ ಭರಭರನೆ ಬೆಳೆಯುವ ಗಿಡ ನೂರು ತೂತು ಬಿದ್ದರೂ ಹೊಸ ಎಲೆ ಹಾಕಿ ಮುಂದೆ ಹೋಗುತ್ತದೆ. ಚಳಿಗೆ ಮುದುಡಿ ಎರಡೇ ಎಲೆಯಲ್ಲಿ ಕುಳಿತ ಗಿಡವನ್ನು ಅವು ಮುಗಿಸಿಯೇ ಬಿಡುತ್ತವೆ. ಹಾಗಾಗಿ ಬದನೆ ಸಸಿಯನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿ, ಐದಾರು ಒಳ್ಳೆಯ ಎಲೆ ಬಂದ ಮೇಲೆ ಹೊರಗೆ ತನ್ನಿ.

ನೆಟ್ಟ ದಿನವೇ ಕಮಾನು ಕಟ್ಟಿ ಕೀಟ ತಡೆಯುವ ಬಲೆ ಹಾಕಿ, ಅಂಚಿಗೆ ಮಣ್ಣು ಮುಚ್ಚಿ. ಆದರೆ ಎಚ್ಚರ, ಕಳೆದ ವರ್ಷ ಬದನೆ ಇದ್ದ ಪಾತಿಯಲ್ಲಿಯೇ ಈ ವರ್ಷವೂ ನೆಟ್ಟು ಬಲೆ ಹಾಕಬೇಡಿ. ಇವು ಮಣ್ಣಿನಲ್ಲಿ, ಬಿದ್ದ ಎಲೆಗಳ ಅಡಿಯಲ್ಲಿ ಚಳಿಗಾಲ ಕಳೆದು ಅಲ್ಲಿಂದಲೇ ಮೇಲೆ ಬರುತ್ತವೆ. ಕಳ್ಳನನ್ನು ಒಳಗಿಟ್ಟು ಬೀಗ ಹಾಕಿದ ಹಾಗಾಗುತ್ತದೆ. ಟೊಮೆಟೊ, ಆಲೂಗಡ್ಡೆ ಇದ್ದ ಪಾತಿಯೂ ಬೇಡ, ಎಲ್ಲ ಒಂದೇ ಕುಟುಂಬ.

ಟೊರೊಂಟೊ ತೊಂಡೆ

ಬೇವಿನ ಎಣ್ಣೆ ಹೊಡೆದರೆ ಮುಗಿಯಿತಲ್ಲ? ನಮ್ಮ ಮನೆಯಲ್ಲಿ ಎಲ್ಲಕ್ಕೂ ಅದೇ.

ಮಣ್ಣುಮಾತು

ಎಲ್ಲಕ್ಕೂ ಅದೇ ಎನ್ನುವುದೇ ತೊಂದರೆ. ಸಸ್ಯಹೇನು, ಬಿಳಿನೊಣದಂತಹ ಮೆತ್ತನೆಯ ಮೈಯ ಹುಳುಗಳ ಮೇಲೆ ಬೇವಿನ ಎಣ್ಣೆ ಕೆಲಸ ಮಾಡುತ್ತದೆ, ಅದೂ ಹುಳುವಿನ ಮೈಗೆ ತಾಗಿದರೆ, ಎಲೆಯ ಅಡಿಗೆ ಬಿದ್ದರೆ. ಗಟ್ಟಿ ಚಿಪ್ಪಿನ, ಜಿಗಿಯುವ ಜೀರುಂಡೆಗೆ ಅದರಿಂದ ದೊಡ್ಡ ನಷ್ಟವಿಲ್ಲ. ಬಿಸಿಲಿನಲ್ಲಿ ಹೊಡೆದರೆ ಎಳೆ ಎಲೆಯೇ ಸುಡುತ್ತದೆ. ಜೇನುನೊಣಗಳು ಗೂಡು ಸೇರಿದ ಮೇಲೆ ಸಂಜೆ ಹೊಡೆಯಿರಿ, ಮೊದಲು ಒಂದು ಎಲೆಗೆ ಹಚ್ಚಿ ನೋಡಿ. ಅವರೆಯ ತುದಿಗೆ ಹೇನು ಮುತ್ತಿದ್ದರೆ ಎಣ್ಣೆಯೂ ಬೇಡ, ಪೈಪಿನ ನೀರನ್ನು ಜೋರಾಗಿ ಬಿಡಿ. ಚಿಗಟ ಜೀರುಂಡೆಗೆ ಬಲೆಯ ಜೊತೆ ಕೆಯೊಲಿನ್ ಜೇಡಿಯನ್ನು ನೀರಿನಲ್ಲಿ ಕಲಸಿ ಎಲೆಗೆ ಬಳಿಯಬಹುದು, ಗಿಡ ಸುಣ್ಣ ಬಳಿದ ಗೋಡೆಯಂತೆ ಕಂಡರೂ ಹುಳು ಬೇಸರಪಟ್ಟು ಹೋಗುತ್ತದೆ.

ಮೆಂತ್ಯಪ್ರಿಯೆ

ಸಸಿ ಬೆಳಗಾಗುವುದರೊಳಗೆ ಬುಡದಲ್ಲಿ ಬ್ಲೇಡಿನಿಂದ ಕೊಯ್ದಂತೆ ಬಿದ್ದಿದ್ದರೆ ಅದು ಮೊಲವಲ್ಲ. ಮೊಲ ತಿಂದು ಹೋಗುತ್ತದೆ, ಇದು ಕಡಿದು ಅಲ್ಲಿಯೇ ಬಿಡುತ್ತದೆ. ಬಿದ್ದ ಸಸಿಯ ಸುತ್ತ ಬೆರಳಿನಿಂದ ಒಂದಂಗುಲ ಮಣ್ಣು ಕೆದಕಿ. ಬೂದುಬಣ್ಣದ, ಕೊಬ್ಬಿದ ಹುಳುವೊಂದು ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಅದನ್ನು ತೆಗೆಯದಿದ್ದರೆ ನಾಳೆ ಪಕ್ಕದ ಸಸಿ. ಟಾಯ್ಲೆಟ್ ಕಾಗದದ ರಟ್ಟಿನ ಕೊಳವೆಯನ್ನು ಅರ್ಧಕ್ಕೆ ಕತ್ತರಿಸಿ ನೆಡುವಾಗಲೇ ಕಾಂಡದ ಸುತ್ತ ನಿಲ್ಲಿಸಿ, ಒಂದಂಗುಲ ಮಣ್ಣಿನೊಳಗಿರಲಿ. ಕಾಂಡ ದಪ್ಪವಾಗುವ ಹೊತ್ತಿಗೆ ರಟ್ಟು ತಾನೇ ಕೊಳೆತು ಹೋಗುತ್ತದೆ.

ನಿಜವಾದ ಮೊಲಕ್ಕೆ ಎರಡಡಿ ಎತ್ತರದ, ಒಂದಂಗುಲ ಕಣ್ಣಿನ ತಂತಿ ಬಲೆ ಸಾಕು. ಮೆಣಸಿನ ಪುಡಿ ಉದುರಿಸುವವರು ಮಳೆ ಬಂದ ಮೇಲೆ ಮತ್ತೆ ಉದುರಿಸಬೇಕು, ಅಷ್ಟು ಪುಡಿ ಸಾರಿಗಾದರೂ ಆಗುತ್ತಿತ್ತು.

ಬದನೆಬುಟ್ಟಿ

ಜೂನ್ ಕೊನೆಗೆ ಇನ್ನೊಬ್ಬರು ಬರುತ್ತಾರೆ, ನಮ್ಮ ರಾಜ್ಯದ ಕೊಡುಗೆ. ಜಪಾನಿ ಜೀರುಂಡೆ ಅಮೆರಿಕದಲ್ಲಿ ಮೊದಲು ಕಂಡದ್ದು 1916ರಲ್ಲಿ, ನ್ಯೂಜೆರ್ಸಿಯ ರಿವರ್ಟನ್ ಬಳಿಯ ನರ್ಸರಿಯೊಂದರಲ್ಲಿ. ಹಸಿರು ತಲೆ, ತಾಮ್ರದ ಬೆನ್ನು, ನೋಡಲು ಒಡವೆ. ಬೆಂಡೆ, ಹುರುಳಿಕಾಯಿ, ಗುಲಾಬಿ ಎಲೆಗಳನ್ನು ನರ ಮಾತ್ರ ಉಳಿಸಿ ತಿನ್ನುತ್ತದೆ. ಅದಕ್ಕೆಂದು ಮಾರುವ ವಾಸನೆಯ ಚೀಲವನ್ನು ತೋಟದಲ್ಲಿ ತೂಗುಹಾಕಬೇಡಿ, ಇಡೀ ಬೀದಿಯ ಜೀರುಂಡೆಗಳಿಗೆ ಆಮಂತ್ರಣ ಪತ್ರಿಕೆ ಹಂಚಿದಂತೆ. ಬೆಳಗಿನ ತಂಪಿನಲ್ಲಿ ಅವು ಜಡವಾಗಿರುತ್ತವೆ. ಎಲೆಯ ಕೆಳಗೆ ಸಾಬೂನು ನೀರಿನ ಡಬ್ಬಿ ಹಿಡಿದು ತಟ್ಟಿದರೆ ನೇರವಾಗಿ ಬೀಳುತ್ತವೆ.

ಕಾವೇರಿ ಇಂದ ಟ್ರಿನಿಟಿ (ಡಲ್ಲಾಸ್)

ನಿಮ್ಮ ಲೆಕ್ಕಾಚಾರ ಇಲ್ಲಿಗೆ ಒಗ್ಗದು. ನಾವು ಟೊಮೆಟೊ ನೆಡುವುದು ಮಾರ್ಚ್ ಕೊನೆಯೊಳಗೆ, ಏಕೆಂದರೆ ರಾತ್ರಿ 75 ಡಿಗ್ರಿಗಿಂತ ಕೆಳಗೆ ಇಳಿಯದ ದಿನಗಳು ಬಂದರೆ ಹೂವು ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಆದರೂ ಚಳಿಯನ್ನು ಲಘುವಾಗಿ ಕಾಣುವಂತಿಲ್ಲ. 2021ರ ಫೆಬ್ರವರಿಯಲ್ಲಿ ಇಲ್ಲಿ ಶೂನ್ಯ ಫ್ಯಾರನ್‌ಹೀಟಿಗಿಂತ ಕೆಳಗೆ ಹೋಗಿತ್ತು, ಹೊರಗಿದ್ದ ಕರಿಬೇವಿನ ಗಿಡಗಳು ಸಾಲಾಗಿ ಹೋದವು. ಅದಕ್ಕೇ ಕೇಳುತ್ತಿದ್ದೇನೆ, ಯಾರಾದರೂ ಕರಿಬೇವಿನ ಸಸಿ ಅಂಚೆಯಲ್ಲಿ ಕಳುಹಿಸಬಲ್ಲಿರಾ?

ಮಣ್ಣುಮಾತು

ದಯವಿಟ್ಟು ಬೇಡ, ಊರಿನಿಂದ ಬರುವವರ ಸೂಟ್‌ಕೇಸಿನಲ್ಲೂ ಬೇಡ. ಕರಿಬೇವು ನಿಂಬೆಯ ಕುಟುಂಬದ್ದು. ಏಷ್ಯಾದ ಸಿಟ್ರಸ್ ಸಿಲಿಡ್ ಎಂಬ ಪುಟ್ಟ ಕೀಟ ಅದರ ಚಿಗುರಿನಲ್ಲಿ ಮೊಟ್ಟೆಯಿಡುತ್ತದೆ. ಕಿತ್ತಳೆ ಮರಗಳನ್ನು ಕೊಲ್ಲುವ ಹಸಿರಾಗುವ ರೋಗವನ್ನು ಹರಡುವುದು ಇದೇ. ಫ್ಲಾರಿಡಾದಲ್ಲಿ ಕೀಟ 1998ರಲ್ಲಿ, ರೋಗ 2005ರಲ್ಲಿ ಪತ್ತೆಯಾಯಿತು, ಅಲ್ಲಿನ ಕಿತ್ತಳೆ ಉದ್ಯಮ ಮತ್ತೆ ಚೇತರಿಸಿಕೊಂಡಿಲ್ಲ. ಟೆಕ್ಸಾಸ್‌ನಲ್ಲಿಯೂ ನಿರ್ಬಂಧಿತ ಪ್ರದೇಶಗಳಿವೆ. ನಿಮ್ಮ ರಾಜ್ಯದಲ್ಲಿಯೇ ಪ್ರಮಾಣೀಕೃತ ನರ್ಸರಿಯಿಂದ ಕೊಳ್ಳಿ, ಕುಂಡದಲ್ಲಿ ಬೆಳೆಸಿ, ರಾತ್ರಿ 50 ಡಿಗ್ರಿಗೆ ಇಳಿಯುವ ಹೊತ್ತಿಗೆ ಒಳಗೆ ತನ್ನಿ. ಚಳಿಗಾಲದಲ್ಲಿ ಎಲೆ ಉದುರಿಸಿದರೆ ಗಾಬರಿಯಾಗಿ ನೀರು ಸುರಿಯಬೇಡಿ.

ಲೆಸ್ಟರ್ ಲವಂಗ (ಇಂಗ್ಲೆಂಡ್)

ನಮ್ಮಲ್ಲಿ ಜೀರುಂಡೆಗಿಂತ ಗೊಂಡೆಹುಳುವಿನ (ಚಿಪ್ಪಿಲ್ಲದ ಬಸವನಹುಳು, ಸ್ಲಗ್) ಕಾಟ. ಹಳೆಯ ನೀಲಿ ಗುಳಿಗೆಗಳನ್ನು ಹುಡುಕಬೇಡಿ, ಅವುಗಳಲ್ಲಿದ್ದ ಮೆಟಾಲ್ಡಿಹೈಡ್ ವಿಷವನ್ನು ತೋಟದಲ್ಲಿ ಬಳಸುವುದನ್ನು ಗ್ರೇಟ್ ಬ್ರಿಟನ್‌ನಲ್ಲಿ 2022ರ ವಸಂತದಿಂದ ನಿಷೇಧಿಸಿದ್ದಾರೆ. ಕಬ್ಬಿಣದ ಫಾಸ್ಫೇಟ್ ಗುಳಿಗೆ ಸಿಗುತ್ತದೆ. ರಾತ್ರಿ ಟಾರ್ಚ್ ಹಿಡಿದು ಆರಿಸುವುದು ಅದಕ್ಕಿಂತ ಫಲಕಾರಿ.

ಹಿತ್ತಲಬಾಗಿಲು

ಅವರೆಯ ಪ್ರಶ್ನೆ ಉಳಿದುಹೋಯಿತು. ಬೇಗ ಬಿತ್ತಲೇ?

ಮಣ್ಣುಮಾತು

ಬೇಗ ಬಿತ್ತಿ ಪ್ರಯೋಜನವಿಲ್ಲ. ಊರಿನ ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಗಿಡ, ಅದಕ್ಕೇ ನಮ್ಮಲ್ಲಿ ಅದು ಚಳಿಗಾಲದ, ಸೊಗಡಿನ ಕಾಲದ ಬೆಳೆ. ಇಲಿನಾಯ್‌ನಲ್ಲಿ ಜೂನ್ ಹಗಲು 15 ಗಂಟೆ. ಏಪ್ರಿಲ್‌ನಲ್ಲಿ ಬಿತ್ತಿದರೂ ಜೂನ್‌ನಲ್ಲಿ ಬಿತ್ತಿದರೂ ಅದು ಎಲೆ ಹಾಕುತ್ತಾ ಸೆಪ್ಟೆಂಬರಿನವರೆಗೆ ಕಾಯುತ್ತದೆ, ಅಷ್ಟರಲ್ಲಿ ನಿಮಗೆ ಫ್ರಾಸ್ಟ್. ಮೇಲಾಗಿ ತಣ್ಣಗಿನ ಒದ್ದೆ ಮಣ್ಣಿನಲ್ಲಿ ಬೀಜ ನಿಧಾನವಾಗಿ ಮೊಳೆತರೆ ಬೀಜ ಕೊರೆಯುವ ಮರಿಹುಳುಗಳು ಮೊದಲೇ ತಿಂದು ಮುಗಿಸುತ್ತವೆ.

ಬೇಕಾದದ್ದು ಹಗಲಿನ ಉದ್ದಕ್ಕೆ ತಲೆಕೆಡಿಸಿಕೊಳ್ಳದ ತಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಅಂಥವು. ಪೊದೆಯಾಗಿ ಬೆಳೆಯುತ್ತವೆ, ಬೇಲಿ ಬೇಡ. ಬೀಜ ತರಿಸುವುದಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರದೊಂದಿಗೆ ಅಥವಾ ಕೃಷಿ ಇಲಾಖೆಯ ಸಣ್ಣ ಪ್ರಮಾಣದ ಬೀಜದ ಪರವಾನಗಿ ಪಡೆದು ತರಿಸಿ. ಸೊಗಡು ನಾಟಿಯಷ್ಟು ಇರುವುದಿಲ್ಲ ಎಂದು ನಮ್ಮ ಮನೆಯವರು ಗೊಣಗುತ್ತಾರೆ, ಆದರೂ ಹಿತಕಿದ ಬೇಳೆ ಸಾರು ಆಗಸ್ಟ್‌ನಲ್ಲಿಯೇ ಆಗುತ್ತದೆ.

ಹಿತ್ತಲಬಾಗಿಲು

ಹಾಗಾದರೆ ಈಗ ಮೆಂತ್ಯ, ಕೊತ್ತಂಬರಿ, ನವಿಲುಕೋಸು. ಬದನೆಯನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿ, ಮೇ ಮಧ್ಯದಿಂದ ದಿನವೂ ಸ್ವಲ್ಪ ಹೊತ್ತು ಹೊರಗಿಟ್ಟು ಬಿಸಿಲು, ಗಾಳಿ ಅಭ್ಯಾಸ ಮಾಡಿಸುತ್ತೇನೆ. ಬಲೆಗೆ ಈಗಲೇ ಆರ್ಡರ್ ಹಾಕಿದ್ದೇನೆ. ಅದರಡಿಯಲ್ಲಿ ಸೋರೆ, ಹೀರೆಯನ್ನೂ ಬೆಳೆಸಿದರೆ ಆಗುವುದೇ?

ಬದನೆಬುಟ್ಟಿ

ಹೂ ಬಿಡುವವರೆಗೆ ಆಗುತ್ತದೆ, ಆಮೇಲೆ ಪರಾಗಸ್ಪರ್ಶಕ್ಕೆ ಬಲೆ ತೆಗೆಯಲೇಬೇಕು. ಬೆಳಿಗ್ಗೆ ತೆಗೆದು ಸಂಜೆ ಮುಚ್ಚುವ ಕೆಲಸ ಇಲ್ಲಿ ನಡೆಯದು. ಸೋರೆಯ ಬಿಳಿ ಹೂವು ಅರಳುವುದೇ ಸಂಜೆ, ಗೆರೆ ಹೀರೆಯದೂ ಹಾಗೆಯೇ, ಪತಂಗಗಳು ಬರುವ ಹೊತ್ತಿಗೆ. ತುಪ್ಪದ ಹೀರೆಯದು ಮಾತ್ರ ಬೆಳಿಗ್ಗೆ. ಪತಂಗ ಬಾರದಿದ್ದರೆ ಸಂಜೆ ಏಳು ಗಂಟೆಯ ಮೇಲೆ ಗಂಡು ಹೂವೊಂದನ್ನು ಕಿತ್ತು, ದಳ ಬಿಡಿಸಿ, ಅಡಿಯಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ನೀವೇ ಮುಟ್ಟಿಸಿ.